ವರ್ಷಕ್ಕೊಮ್ಮೆ ತೆರೆಯುವ ಬಾಗಿಲು

ಅರಸೀಕೆರೆಯಿಂದ ಹಾಸನದ ಮಾರ್ಗವಾಗಿ ಎಂಟು ಕಿಲೋಮೀಟರಿನಷ್ಟು ಸಾಗಿದರೆ ದೊರೆಯುವ ಹಾರನಹಳ್ಳಿಯನ್ನು ನಾಡಿನ ಜನ ಎರಡು ಕಾರಣಗಳಿಗಾಗಿ ಬಲ್ಲರು. ಶಿಲ್ಪಾಸಕ್ತರು ಪೆದ್ದಣ್ಣ ಹೆಗ್ಗಡೆಯೂ ಅವನ ಸೋದರರಾದ ಸೋವಣ್ಣ ಕೇಸಣ್ಣರೂ 1235ರ ಸುಮಾರಿನಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯಕ್ಕಾಗಿ ಅದನ್ನು ಬಲ್ಲರು. ವೃತ್ತಪತ್ರಿಕೆಗಳ ಓದುಗರು ಅಲ್ಲಿನ ಕೋಡಿಮಠದಿಂದ ಆಗಾಗ್ಗೆ ಹೊರಡುವ ಭವಿಷ್ಯವಾಣಿಗಾಗಿ ಬಲ್ಲರು. ಮಳೆ ಹೇಗಾದೀತು, ಬೆಳೆ ಹೇಗಾದೀತು, ಯಾವ ಅರಸು ಏಳುವನು ಯಾವನು ಬೀಳುವನು, ರೋಗರುಜಿನಗಳು ಯಾವ ದಿಕ್ಕಿನಿಂದ ಬಂದಾವು ಎಂಬ ಕುತೂಹಲವು ಮನುಷ್ಯಸಹಜವಾದದ್ದು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಇದೇ ಸೀಮೆಯಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಯಾವ ಮನೆಯ ಮಗುವಿನ ಹಲ್ಲು ಕಂದುಬಣ್ಣಕ್ಕೆ ತಿರುಗುವುದು, ಯಾವ ಮನೆಯ ಮುದುಕಿಯ ಬೆನ್ನು ಅಕಾಲದಲ್ಲಿ ಬಾಗುವುದು ಎಂಬುದನ್ನು ಹೇಳಲು ಯಾವ ದಿವ್ಯದೃಷ್ಟಿಯೂ ಬೇಕಾಗಿಲ್ಲ. ಆ ಮನೆ ಊರಿನ ಯಾವ ತುದಿಯಲ್ಲಿದೆ, ಅಲ್ಲಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಆ ಮನೆಯಲ್ಲಿ ಒಂದು ಸ್ಕೂಟರು ಉಂಟೋ ಇಲ್ಲವೋ ಎಂಬಷ್ಟನ್ನು ವಿಚಾರಿಸಿಕೊಂಡರೆ ಸಾಕು.

ಹಾಸನ ಜಿಲ್ಲೆಯೆಂದೊಡನೆ ಸಕಲೇಶಪುರದ ಮಂಜೂ ಹೇಮಾವತಿಯ ತುಂಬುಪ್ರವಾಹವೂ ಕಣ್ಮುಂದೆ ಸುಳಿಯುವುದು ವಾಡಿಕೆಯಾದರೂ, ಅದೇ ಜಿಲ್ಲೆಯ ಈಶಾನ್ಯದಂಚಿನ ಅರಸೀಕೆರೆ ತಾಲ್ಲೂಕು ತೆಂಗನ್ನೂ ರಾಗಿಯನ್ನೂ ನಂಬಿ ಬದುಕುವ ಬೆದ್ದಲು ನಾಡು. ಪೂರ್ವಿಕರು ಈ ನೆಲದ ಸ್ವಭಾವವನ್ನು ಅರಿತವರಾಗಿ ಕೆರೆಗಳನ್ನು ಕಟ್ಟಿದರು. ಆ ಕೆರೆಗಳಲ್ಲಿ ಹೂಳು ತುಂಬಿ, ಬಾವಿಗಳು ಬತ್ತಿ, ಅವುಗಳ ಸ್ಥಾನದಲ್ಲಿ ಬೋರುಗಳು ಬಂದು, ಅವೂ ಆಳ ಸಾಲದೆ ಸಾವಿರ ಅಡಿಗಳಿಗೆ ಇಳಿದ ಮೇಲೆ, ಯುಗಯುಗಾಂತರಗಳಿಂದ ಕಗ್ಗಲ್ಲಿನ ಬಿರುಕುಗಳಲ್ಲಿ ನಿಂತು ಆ ಕಲ್ಲಿನ ಸಾರವನ್ನೆಲ್ಲ ಹೀರಿಕೊಂಡ ನೀರು ಜನರ ಕೊಡಗಳಿಗೆ ಬರತೊಡಗಿತು. ಆ ಸಾರದಲ್ಲಿ ಫ್ಲೋರೈಡೂ ಒಂದು. ಒಂದು ಲೀಟರು ನೀರಿನಲ್ಲಿ ಅದು ಒಂದೂವರೆ ಮಿಲಿಗ್ರಾಮನ್ನು ಮೀರಬಾರದೆಂಬುದು ಮಿತಿ. ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಮೊದಲು ಮಕ್ಕಳ ಹಲ್ಲುಗಳ ಮೇಲೆ ಕಲೆಗಳೂ ಅನಂತರ ಕೀಲುಗಳಲ್ಲಿ ಬಿಗಿತವೂ ಕಡೆಗೆ ಬೆನ್ನುಮೂಳೆಯ ಬಾಗೂ ಕಾಣಿಸಿಕೊಳ್ಳುತ್ತವೆ. ಈ ವ್ಯಾಧಿಯನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರಿನ ಕಡೆ. ಬಾಗಿದ ಮೂಳೆಯನ್ನು ನೇರಗೊಳಿಸುವ ಔಷಧ ಇಂದಿಗೂ ದೊರೆತಿಲ್ಲ. ನೀರನ್ನು ಕುದಿಸಿದರೆ ದೋಷ ಹೋದೀತೆಂಬ ಗೃಹಿಣಿಯರ ನಂಬಿಕೆ ಇಲ್ಲಿ ನಿಷ್ಫಲವಷ್ಟೇ ಅಲ್ಲ, ವಿಪರೀತ ಫಲವನ್ನೂ ಕೊಡತಕ್ಕದ್ದು. ನೀರು ಆವಿಯಾಗಿ ಹೋಗಿ ಫ್ಲೋರೈಡು ಉಳಿದುಕೊಳ್ಳುತ್ತದೆ.

ಇದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಭೂಗರ್ಭದ ಆ ನೀರು ಜಾತಿ ಅಂತಸ್ತುಗಳನ್ನು ಬಲ್ಲದು ಎನ್ನುವಂತಿಲ್ಲ. ಒಂದೇ ಬೋರಿನ ನೀರು ಸಾಹುಕಾರನ ತೋಟಕ್ಕೂ ಕೂಲಿಯ ಗುಡಿಸಲಿಗೂ ಹರಿಯುತ್ತದೆ. ಆದರೂ ಅದರ ಪೀಡೆ ಸಮನಾಗಿ ಹಂಚಿಹೋಗುವುದಿಲ್ಲ. ಹಾಲು ಮೊಸರುಗಳನ್ನೂ ಹಣ್ಣು ಕಾಯಿಪಲ್ಯಗಳನ್ನೂ ಉಂಡು ಬೆಳೆದ ದೇಹ ಈ ವಿಷವನ್ನು ಕೊಂಚ ತಡೆದುಕೊಂಡೀತು. ಮುದ್ದೆಗೆ ಉಪ್ಪುಸಾರಲ್ಲದೆ ಬೇರೇನನ್ನೂ ಕಾಣದ ದೇಹ ಬೇಗ ಸೋಲುತ್ತದೆ. ಬಿಸಿಲಿನಲ್ಲಿ ದುಡಿಯುವವನು ನೆರಳಿನಲ್ಲಿ ಕುಳಿತವನಿಗಿಂತ ಎರಡು ಪಾಲು ನೀರು ಕುಡಿಯುತ್ತಾನೆ. ಅಷ್ಟೇ ಪ್ರಮಾಣದಲ್ಲಿ ವಿಷವನ್ನೂ. ಉಳ್ಳವರು ಮನೆಯಲ್ಲಿಯೇ ಶುದ್ಧೀಕರಣದ ಯಂತ್ರವನ್ನಿಟ್ಟುಕೊಂಡಿದ್ದಾರೆ. ಉಳಿದವರಿಗಾಗಿ ಸರ್ಕಾರ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಊರೂರಿನಲ್ಲಿ ಸ್ಥಾಪಿಸಿದೆ. ಐದು ರೂಪಾಯಿಯ ನಾಣ್ಯವನ್ನು ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುವ ವ್ಯವಸ್ಥೆ ಒಳ್ಳೆಯದೇ. ಆದರೆ ಇಪ್ಪತ್ತು ಲೀಟರಿನ ಕ್ಯಾನನ್ನು ಊರ ನಡುವಿನಿಂದ ಊರಾಚೆಯ ಕಾಲನಿಗೆ ಹೊರುವವರು ಯಾರು? ಮಗ ಬೆಂಗಳೂರಿಗೆ ಹೋಗಿ ಒಬ್ಬಳೇ ಉಳಿದ ಮುದುಕಿ ಅದನ್ನು ಹೊರಲಾರಳು. ಯಂತ್ರ ಕೆಟ್ಟು ನಿಂತ ತಿಂಗಳುಗಳಲ್ಲಿ ಮತ್ತೊಂದು ಊರಿಗೆ ಸ್ಕೂಟರಿನಲ್ಲಿ ಹೋಗಿ ತರಬಲ್ಲವರು ತರುತ್ತಾರೆ. ಮಿಕ್ಕವರು ಬೋರಿನ ನೀರಿಗೆ ಮರಳುತ್ತಾರೆ. ಯಾರೂ ಯಾರನ್ನೂ ಬೇಕೆಂದು ಹೊರಗಿಟ್ಟದ್ದಿಲ್ಲ, ಯಾರ ಮೇಲೂ ದ್ವೇಷವಿಲ್ಲ. ಆದರೂ ಕಡೆಯಲ್ಲಿ ಬೆನ್ನು ಬಾಗುವುದು ಯಾರದ್ದೆಂದು ನೋಡಿದರೆ, ಹಿಂದೆ ಊರಬಾವಿಯಿಂದ ದೂರ ನಿಲ್ಲಿಸಲ್ಪಟ್ಟವರ ಮೊಮ್ಮಕ್ಕಳದ್ದೇ ಹೆಚ್ಚು.

ಆರೋಗ್ಯದಲ್ಲಿ ಸಮತೆಯೆಂಬ ವಿಚಾರವನ್ನು ನಾವು ಪರದೇಶದಿಂದ ತರಿಸಿಕೊಂಡ ಹೊಸ ಸರಕೆಂದು ಭಾವಿಸುವುದುಂಟು. ಆದರೆ ಅದಕ್ಕೆ ನಮ್ಮಲ್ಲಿಯೇ ಹಳೆಯ ಬೇರುಂಟು. ಹಾರನಹಳ್ಳಿಯ ಮಠದ ಹೆಸರನ್ನೇ ನೆನಪಿಸುವ ಕೋಡಿಯಮಠವೊಂದು ಶಿವಮೊಗ್ಗ ಸೀಮೆಯ ಬಳ್ಳಿಗಾವಿಯಲ್ಲಿದ್ದಿತು. ಬಿಜ್ಜಳನ ಕಾಲದ, 1162ರ ಶಾಸನವೊಂದು ಅದನ್ನು ಬಣ್ಣಿಸುವಾಗ, ಅಲ್ಲಿ ವೇದ ವ್ಯಾಕರಣ ತರ್ಕಗಳ ಪಾಠ ನಡೆಯುತ್ತಿದ್ದಿತೆಂಬುದನ್ನು ಹೇಳಿ ಅಷ್ಟಕ್ಕೇ ತೃಪ್ತಿಗೊಳ್ಳುವುದಿಲ್ಲ. ದೀನರು, ಅನಾಥರು, ಕುರುಡರು, ಕಿವುಡರು, ಕುಂಟರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತಗಳ ಭಿಕ್ಷುಗಳು ಎಲ್ಲರಿಗೂ ಅಲ್ಲಿ ಅನ್ನವುಂಟು; ನಾನಾ ರೋಗಿಗಳಿಗೆ ಔಷಧೋಪಚಾರವುಂಟು; ಸಕಲ ಪ್ರಾಣಿಗಳಿಗೂ ಅಭಯವುಂಟು ಎಂದು ಅದು ಒಂದೊಂದು ವರ್ಗವನ್ನೂ ಹೆಸರಿಸಿ ಹೇಳುತ್ತದೆ. ಶಾಸನಕವಿಗಳ ಅತಿಶಯೋಕ್ತಿಗೆ ಒಂದಿಷ್ಟನ್ನು ಕಳೆದರೂ, ವಿದ್ಯಾಸ್ಥಾನವೊಂದು ತನ್ನ ಕೀರ್ತಿಯನ್ನು ಕಲ್ಲಿನಲ್ಲಿ ಕೆತ್ತಿಸುವಾಗ ಕುಂಟರೂ ಕುರುಡರೂ ತನ್ನಲ್ಲಿ ಉಣ್ಣುತ್ತಾರೆಂಬುದನ್ನು ಹೆಮ್ಮೆಯ ಸಂಗತಿಯಾಗಿ ಎಣಿಸಿದ್ದು ಸಣ್ಣ ಮಾತಲ್ಲ. ಇಂದಿನ ಯಾವ ವಿಶ್ವವಿದ್ಯಾಲಯದ ಪ್ರಚಾರಪತ್ರದಲ್ಲಿ ಅಂಥ ಪಟ್ಟಿಯನ್ನು ಕಂಡೇವು?

ಆದರೆ ನಮ್ಮ ಪರಂಪರೆಯಲ್ಲಿ ಬೇರೊಂದು ಬಗೆಯ ಒಳಗೊಳ್ಳುವಿಕೆಯೂ ಉಂಟು. ಅದನ್ನು ನೋಡಲು ಬಳ್ಳಿಗಾವಿಯವರೆಗೆ ಹೋಗಬೇಕಾಗಿಲ್ಲ, ಬೇಲೂರಿಗೆ ಹೋದರೆ ಸಾಕು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಆ ಚೆನ್ನಕೇಶವನ ಸನ್ನಿಧಿಗೆ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಸಮುದಾಯದವರು ವರ್ಷದ ನಿಯತ ದಿನಗಳಂದು ಪ್ರವೇಶಿಸುವ ಹಕ್ಕನ್ನು ಹೊಂದಿದ್ದರು, ಮೇಲುಕೋಟೆಯಲ್ಲಿಯೂ ಹಾಗೆಯೇ. ರಾಮಾನುಜಾಚಾರ್ಯರು ಅವರಿಗೆ ತಿರುಕುಲದವರೆಂಬ ಹೆಸರನ್ನಿತ್ತು ಈ ಗೌರವವನ್ನು ಕಲ್ಪಿಸಿದರೆಂಬುದು ಪ್ರತೀತಿ. ದೇವರು ಬಾಬಾಬುಡನ್ ಗಿರಿಗೆ ಹೋಗಿಬರುವುದಕ್ಕೆಂದು ಚನ್ನಗಿರಿ ಬಸವಾಪಟ್ಟಣಗಳ ಚರ್ಮಕಾರರು ಪಾದುಕೆಗಳನ್ನು ಮಾಡಿ ಒಪ್ಪಿಸುತ್ತಿದ್ದರೆಂದೂ, ಅದರ ಸಲುವಾಗಿ ಪ್ರಾಕಾರದೊಳಕ್ಕೆ ಬರುವ ಅವಕಾಶ ಅವರಿಗಿದ್ದಿತೆಂದೂ ಹಳೆಯ ಗ್ಯಾಸೆಟಿಯರುಗಳು ಬರೆದಿವೆ. ರಥೋತ್ಸವದಂದು ದೊಡ್ಡಮೇದೂರಿನ ಖಾಜಿಯವರು ಬಂದು ಕುರಾನನ್ನು ಪಠಿಸುವ ಪದ್ಧತಿಯೂ ಬೇಲೂರಿನದೇ. ಅಂದಿನ ಕಾಲಕ್ಕೆ ಇವು ಉದಾರವಾದ ಏರ್ಪಾಡುಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ನಿಯತ ದಿನಗಳಂದು ತೆರೆದ ಬಾಗಿಲು ವರ್ಷದ ಉಳಿದ ದಿನಗಳೆಲ್ಲ ಮುಚ್ಚಿದ್ದಿತೆಂಬುದನ್ನು ಮರೆಯಲಾಗದು. ಮೈಸೂರು ಸಂಸ್ಥಾನದ ದೇವಾಲಯ ಪ್ರವೇಶದ ಶಾಸನ 1948ರಲ್ಲಿ ಬರುವವರೆಗೆ, ಎಂದರೆ ಎಂಟು ಶತಮಾನಗಳ ಕಾಲ, ಆ ಉತ್ಸವದಿನಗಳ ಔದಾರ್ಯವೇ ನಿತ್ಯದ ನಿಷೇಧಕ್ಕೆ ಸಮಾಧಾನವಾಗಿ ನಿಂತಿದ್ದಿತು.

ಈ ಮಾತನ್ನು ಇಷ್ಟು ವಿಸ್ತರಿಸಿದ್ದು ಏತಕ್ಕೆಂದರೆ, ನಮ್ಮ ಹಳ್ಳಿಗಳ ಆರೋಗ್ಯದ ವಿಷಯದಲ್ಲಿ ನಾವು ಈಗಲೂ ಬಹುಮಟ್ಟಿಗೆ ಉತ್ಸವದ ಕ್ರಮವನ್ನೇ ಅನುಸರಿಸುತ್ತಿದ್ದೇವೆ. ಯಾರದಾದರೂ ಜನ್ಮದಿನದಂದೋ ಸಂಘವೊಂದರ ವಾರ್ಷಿಕೋತ್ಸವದಂದೋ ಶಾಲೆಯ ಆವರಣದಲ್ಲಿ ಶಾಮಿಯಾನವನ್ನೆತ್ತಿ ಉಚಿತ ಆರೋಗ್ಯ ತಪಾಸಣಾ ಶಿಬಿರವನ್ನು ನಡೆಸುವುದು ನಮಗೆ ಅತಿ ಪ್ರಿಯವಾದ ಸೇವೆ. ನಗರದಿಂದ ವೈದ್ಯರು ಬರುತ್ತಾರೆ. ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಅಳೆಯುತ್ತಾರೆ. ಹದಿನೈದು ದಿನದ ಮಾತ್ರೆಗಳನ್ನು ಕೊಡುತ್ತಾರೆ. ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಹದಿನಾರನೆಯ ದಿನ ಮಾತ್ರೆ ಮುಗಿದಾಗ ಆ ರೋಗಿ ಯಾರ ಬಳಿಗೆ ಹೋಗಬೇಕು? ರಕ್ತದೊತ್ತಡವಾಗಲಿ ಮಧುಮೇಹವಾಗಲಿ ವರ್ಷಕ್ಕೊಮ್ಮೆ ಬಂದುಹೋಗುವ ಅತಿಥಿಗಳಲ್ಲ. ಶಿಬಿರಗಳನ್ನು ನಡೆಸುವವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಂತಹ, ಒಮ್ಮೆ ಮಾಡಿದರೆ ಮುಗಿಯುವ ಕಾರ್ಯಕ್ಕೆ ಅವು ಬಹಳ ಉಪಕಾರ ಮಾಡಿವೆ. ಊರಿನಲ್ಲಿ ನಿಲ್ಲುವ ಮನುಷ್ಯನ ಸ್ಥಾನವನ್ನು ಮಾತ್ರ ಅವು ತುಂಬಲಾರವು.

ನಿಲ್ಲುವ ಮನುಷ್ಯ ಎಂದೆ. ನಿಲ್ಲುವ ಹೆಣ್ಣುಮಗಳು ಎಂದಿದ್ದರೆ ಇನ್ನೂ ಸರಿಯಾಗುತ್ತಿದ್ದಿತು. ಇದರ ಒಂದು ಪ್ರಯೋಗಶಾಲೆ ಹಾರನಹಳ್ಳಿಯ ಮಗ್ಗುಲಲ್ಲಿಯೇ, ಅರಸೀಕೆರೆಯ ಕಸ್ತೂರಬಾ ಗ್ರಾಮದಲ್ಲಿ ಇದೆಯೆಂಬುದು ಜಿಲ್ಲೆಯವರಲ್ಲಿಯೇ ಅನೇಕರಿಗೆ ಮರೆತುಹೋಗಿದೆ. 1944ರ ಫೆಬ್ರವರಿ 22ರಂದು ಕಸ್ತೂರಬಾ ಅವರು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿಯೇ ತೀರಿಕೊಂಡ ಮೇಲೆ, ದೇಶದ ಜನ ಕೂಡಿಸಿದ ನಿಧಿಯನ್ನು ಹೇಗೆ ವಿನಿಯೋಗಿಸಬೇಕೆಂಬ ಪ್ರಶ್ನೆ ಬಂದಾಗ, ನಗರಗಳಲ್ಲಿ ದೊಡ್ಡ ಆಸ್ಪತ್ರೆಗಳನ್ನು ಕಟ್ಟಿಸುವುದು ಸುಲಭವಾದ ಮಾರ್ಗವಾಗಿದ್ದಿತು. ಗಾಂಧೀಜಿ ಅದಕ್ಕೆ ಒಪ್ಪಲಿಲ್ಲ. ಹಣವೆಲ್ಲ ಹಳ್ಳಿಗಳಲ್ಲಿ, ಹೆಂಗಸರ ಮತ್ತು ಮಕ್ಕಳ ಸಲುವಾಗಿ ಮಾತ್ರವೇ ವ್ಯಯವಾಗತಕ್ಕದ್ದೆಂದು ಅವರು ಹಟ ಹಿಡಿದರು. ಹಾಗೆ ಹುಟ್ಟಿದ ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟಿನ ಕರ್ನಾಟಕದ ಶಾಖೆ ನೆಲೆಯೂರಿದ್ದು ಅರಸೀಕೆರೆಯಲ್ಲಿ. ಅದಕ್ಕಾಗಿ ದುಡಿದವರಲ್ಲಿ ಅಗ್ರಗಣ್ಯರು ಯಶೋಧರಾ ದಾಸಪ್ಪನವರು. ಅರಣ್ಯ ಸತ್ಯಾಗ್ರಹದ ಕಾಲದಿಂದ ಚಳವಳಿಯಲ್ಲಿದ್ದು, ಮುಂದೆ ರಾಜ್ಯದ ಮಂತ್ರಿಣಿಯಾಗಿ, ಪಾನನಿರೋಧವನ್ನು ಸರ್ಕಾರ ಸಡಿಲಿಸಹೊರಟಾಗ ಪದವಿಯನ್ನೇ ತೊರೆದ ಆಕೆ, ಕುಡಿತವು ಮೊದಲು ಕೆಡಿಸುವುದು ಯಾರ ಹೊಟ್ಟೆಯನ್ನು ಎಂಬುದನ್ನು ಹಳ್ಳಿಯ ಮನೆಗಳಲ್ಲಿ ಕಂಡಿದ್ದವರು. 1972ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಟ್ರಸ್ಟಿನ ಯೋಜನೆಯ ತಿರುಳು ಸರಳವಾಗಿದ್ದಿತು: ಹಳ್ಳಿಗಾಡಿನ ಹೆಣ್ಣುಮಕ್ಕಳನ್ನು, ಅವರಲ್ಲಿಯೂ ವಿಧವೆಯರನ್ನೂ ಗಂಡ ಬಿಟ್ಟವರನ್ನೂ ಮನೆಯಲ್ಲಿ ಆದರವಿಲ್ಲದವರನ್ನೂ ಕರೆತಂದು, ಓದುಬರಹ, ನೂಲುವಿಕೆ, ಬಾಲವಾಡಿ ನಡೆಸುವ ಕ್ರಮ, ಬಾಣಂತನ, ನೈರ್ಮಲ್ಯಗಳನ್ನು ಕಲಿಸಿ, ಗ್ರಾಮಸೇವಿಕೆಯರಾಗಿ ಹಳ್ಳಿಯಲ್ಲಿಯೇ ವಾಸಮಾಡಲು ಕಳುಹಿಸುವುದು. ಆರೋಗ್ಯವೂ ಸಾಮಾಜಿಕ ಸ್ಥಾನವೂ ಎರಡು ಪ್ರತ್ಯೇಕ ಇಲಾಖೆಗಳ ಕಡತಗಳೆಂದು ತಿಳಿದಿರುವ ನಮ್ಮ ಕಾಲದವರು ಈ ಯೋಜನೆಯ ಜಾಣ್ಮೆಯನ್ನು ನೋಡಬೇಕು. ಯಾವಾಕೆಯನ್ನು ಶುಭಕಾರ್ಯದಲ್ಲಿ ಎದುರು ಬರಬಾರದೆಂದು ಊರು ಹಿಂದಕ್ಕೆ ತಳ್ಳಿದ್ದಿತೋ ಆಕೆಯೇ ಊರಿನ ಹಸುಗೂಸುಗಳನ್ನು ಮೊದಲು ಎತ್ತಿಕೊಳ್ಳುವ ಕೈಯಾಗಬೇಕು. ಹೆರಿಗೆಯ ನಡುರಾತ್ರಿಯಲ್ಲಿ ಬಾಗಿಲು ತಟ್ಟಿದವರಿಗೆ ಆಕೆಯ ಕುಂಕುಮದ ಚಿಂತೆ ಇರುವುದಿಲ್ಲ. ಮೈಸೂರು ಸಂಸ್ಥಾನವು 1930ರಷ್ಟು ಹಿಂದೆಯೇ ಬೆಂಗಳೂರು ಮೈಸೂರುಗಳಲ್ಲಿ ಸಂತಾನನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೇ ಮೊದಲನೆಯದೆಂಬ ಹೆಸರು ಪಡೆದದ್ದು ನಿಜ. ಆದರೆ ಆ ಕಾಲದ ಹಳ್ಳಿಯ ಬಸುರಿಗೆ ಆ ಚಿಕಿತ್ಸಾಲಯಗಳು ಕಾಶಿಯಷ್ಟೇ ದೂರವಾಗಿದ್ದವು. ಆಕೆಗೆ ಸಿಕ್ಕುತ್ತಿದ್ದವಳು ಸೂಲಗಿತ್ತಿ. ಪಾವಗಡ ಸೀಮೆಯಲ್ಲಿ ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡೆಲ್ಲ ಸಂತೋಷಪಟ್ಟಿತು. ಅಂಥ ಸಾವಿರಾರು ಅಜ್ಜಿಯರು ಹೆಸರಿಲ್ಲದೆ ಹೋದರು.

ಈಗ ಆ ಸ್ಥಾನದಲ್ಲಿ ಆಶಾ ಕಾರ್ಯಕರ್ತೆ ಇದ್ದಾಳೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಬಂದ ಈಕೆ ಸುಮಾರು ಸಾವಿರ ಜನಕ್ಕೊಬ್ಬಳಂತೆ, ಅದೇ ಊರಿನ ಸೊಸೆಯಾಗಿಯೋ ಮಗಳಾಗಿಯೋ ಇರತಕ್ಕವಳು. ಬಸುರಿಯರ ಹೆಸರನ್ನು ಬರೆಸಿ ತಾಯಿ ಕಾರ್ಡು ಕೊಡಿಸುವುದು, ಚುಚ್ಚುಮದ್ದಿನ ದಿನ ಮಕ್ಕಳನ್ನು ಕೂಡಿಸುವುದು, ಕ್ಷಯರೋಗಿಯ ಮಾತ್ರೆಯ ಲೆಕ್ಕವನ್ನಿಡುವುದು, ರಾತ್ರಿಯಲ್ಲಿ 108ಕ್ಕೆ ಫೋನು ಮಾಡಿ ಹೆರಿಗೆನೋವಿನವಳ ಜೊತೆಗೆ ಆಂಬುಲೆನ್ಸು ಹತ್ತುವುದು ಎಲ್ಲವೂ ಆಕೆಯ ಪಾಲಿಗೆ. ಮನೆಗಳಲ್ಲಿ ಆಗುತ್ತಿದ್ದ ಹೆರಿಗೆಗಳು ಆಸ್ಪತ್ರೆಗೆ ಬಂದದ್ದು ಬಹುಪಾಲು ಇಂಥ ಹೆಣ್ಣುಮಕ್ಕಳ ಕಾಲ್ನಡಿಗೆಯಿಂದ. ಹೀಗಿದ್ದೂ 2018–20ರ ಗಣನೆಯಲ್ಲಿ ಕರ್ನಾಟಕದ ತಾಯಂದಿರ ಮರಣದ ಪ್ರಮಾಣ ಲಕ್ಷ ಜನನಗಳಿಗೆ 69 ಇದ್ದಿತು. ಕೇರಳದಲ್ಲಿ ಅದು 19, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಅತಿ ಹೆಚ್ಚು. ಇತ್ತ, ಆ ಕಾರ್ಯಕರ್ತೆಯರೇ ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಭರವಸೆಗಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕುಳಿತಿರಬೇಕಾಯಿತು. ಊರಿನ ಆರೋಗ್ಯವನ್ನು ಕಾಯುವವಳನ್ನು ಸ್ವಯಂಸೇವಕಿಯೆಂದು ಕರೆದು ಆಕೆಯ ಸಂಬಳದ ಮಾತನ್ನು ಮುಂದಕ್ಕೆ ಹಾಕುತ್ತ ಬಂದದ್ದು ನಮಗೆ ಶೋಭಿಸತಕ್ಕ ನಡತೆಯಲ್ಲ.

ವೇಲ್ಸ್ ದೇಶದ ಕಲ್ಲಿದ್ದಲು ಗಣಿಯ ಹಳ್ಳಿಯೊಂದರಲ್ಲಿ ಆಯುಷ್ಯವನ್ನೇ ಕಳೆದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು 1971ರಲ್ಲಿ ಒಂದು ಸೂತ್ರವನ್ನು ಹೇಳಿದರು. ಯಾರಿಗೆ ವೈದ್ಯದ ಅಗತ್ಯ ಹೆಚ್ಚೋ ಅವರಿಗೆ ಅದು ದೊರೆಯುವುದು ಕಡಿಮೆ. ಯಾರಿಗೆ ಅಗತ್ಯ ಕಡಿಮೆಯೋ ಅವರ ಮನೆಬಾಗಿಲಿನಲ್ಲಿ ಅದು ಕಾದಿರುತ್ತದೆ ಎಂಬುದು ಅದರ ಭಾವ. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿದ ಡಾ. ಎಚ್. ಸುದರ್ಶನ್ ಅವರು ಅದನ್ನೇ ಕಾಡಿನಲ್ಲಿ ಕಂಡರು. ಅವರ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ರಾಜ್ಯಕ್ಕೆ ಒಪ್ಪಿಸಿದ ವರದಿಯು ಸಮತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರನ್ನು ಶೀರ್ಷಿಕೆಯಲ್ಲಿಯೇ ಇಟ್ಟುಕೊಂಡಿದ್ದಿತು. ತರುವಾಯ ವಿಮಾ ಯೋಜನೆಗಳು ಬಂದವು. ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ, 2010ರಲ್ಲಿ ಬಡವರಿಗಾಗಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ. ಇವುಗಳಿಂದ ಪ್ರಾಣಗಳು ಉಳಿದದ್ದುಂಟು. ಆರೋಗ್ಯಶ್ರೀ ಬಂದ ಹಳ್ಳಿಗಳನ್ನೂ ಇನ್ನೂ ಬಾರದ ನೆರೆಯ ಹಳ್ಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು, ಆ ಯೋಜನೆಗೆ ಒಳಪಟ್ಟ ರೋಗಗಳಿಂದ ಬಡಕುಟುಂಬಗಳಲ್ಲಿ ಸಂಭವಿಸುವ ಮರಣ ಶೇಕಡ 64ರಷ್ಟು ಕಡಿಮೆಯಿದ್ದುದನ್ನು 2014ರಲ್ಲಿ ಪ್ರಕಟಿಸಿತು. ಆದರೆ ಈ ಯೋಜನೆಗಳ ಕಾರ್ಡು ಆಸ್ಪತ್ರೆಯೊಳಗಿನ ವೆಚ್ಚವನ್ನು ಭರಿಸುತ್ತದೆ; ಅಲ್ಲಿಗೆ ಹೋಗುವ ದಾರಿಯನ್ನೂ, ಜೊತೆಗೆ ಬಂದವನ ಕಳೆದುಹೋದ ಕೂಲಿಯನ್ನೂ ಅಲ್ಲ.

ಹಾಸನ ಜಿಲ್ಲೆಗೆ ಈ ಪಾಠ ಬಹು ಗದ್ದಲದೊಡನೆ ಬಂದದ್ದು 2025ರ ಬೇಸಗೆಯ ಕಡೆಯಲ್ಲಿ. ಕೆಲವೇ ವಾರಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಎಳೆಯ ಪ್ರಾಯದವರು, ಹೃದಯಾಘಾತದಿಂದ ಮಡಿದರೆಂಬ ವಾರ್ತೆ ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನಸಾಗರ ನೆರೆಯಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥರ ನೇತೃತ್ವದ ಸಮಿತಿ ಪರಿಶೀಲಿಸಿ, ಜಿಲ್ಲೆಯಲ್ಲಿ ಅಸಾಮಾನ್ಯವಾದ ಏರಿಕೆ ಕಾಣಲಿಲ್ಲವೆಂದು ಹೇಳಿತು. ಭೀತಿ ಕ್ರಮೇಣ ತಣ್ಣಗಾಯಿತು. ಆ ಮೃತರಲ್ಲಿ ಆಟೋ ಮತ್ತು ಕ್ಯಾಬುಗಳ ಚಾಲಕರು ಗಣನೀಯ ಸಂಖ್ಯೆಯಲ್ಲಿದ್ದರೆಂಬ ಸಂಗತಿ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಹೊತ್ತಿಗೆ ಊಟವಿಲ್ಲ, ರಾತ್ರಿಗೆ ನಿದ್ದೆಯಿಲ್ಲ, ಎದೆ ಹಿಡಿದರೆ ಗ್ಯಾಸೆಂದು ಸೋಡಾ ಕುಡಿದು ಮುಂದಿನ ಬಾಡಿಗೆಗೆ ಹೊರಡುವ ಜೀವನ ಅವರದು. ತಪಾಸಣೆಗೆಂದು ಮೈಸೂರಿಗೆ ಧಾವಿಸಿದ ಜನಸ್ತೋಮದಲ್ಲಿ, ಒಂದು ದಿನದ ದುಡಿಮೆಯನ್ನು ಬಿಡಲಾಗದ ಅಂಥವರು ಎಷ್ಟು ಮಂದಿ ಇದ್ದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಇದಕ್ಕೆ ಯುಕ್ತವಾದ ಏರ್ಪಾಡು ಈಗಾಗಲೇ ಉಂಟು. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಂತೆ, ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅದನ್ನು ಆ ಕ್ಷಣವೇ ತಜ್ಞರಿಗೆ ಕಳುಹಿಸಿ, ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿಯ ಚುಚ್ಚುಮದ್ದನ್ನು ಅಲ್ಲಿಯೇ ಬೆಲೆಯಿಲ್ಲದೆ ಕೊಡಬಹುದು. ಮೊದಲ ಕೆಲವು ಗಂಟೆಗಳು ಅಮೂಲ್ಯವಾದ ಈ ವ್ಯಾಧಿಯಲ್ಲಿ, ಹಾರನಹಳ್ಳಿಯ ಚಾಲಕನಿಗೆ ಮೈಸೂರಿನ ದೊಡ್ಡ ಆಸ್ಪತ್ರೆಗಿಂತ ಅರಸೀಕೆರೆಯ ಆ ಚುಚ್ಚುಮದ್ದು ಹೆಚ್ಚು ಹತ್ತಿರದ ಬಂಧು. ಅದು ಅಲ್ಲಿ ದೊರೆಯುತ್ತದೆಂಬುದು ಆಟೋ ನಿಲ್ದಾಣದವರಿಗೆ ತಿಳಿದಿರಬೇಕು, ಅಷ್ಟೆ.

ನೆಲೆಯೂರಿದವರ ಕಥೆ ಇಷ್ಟಾದರೆ, ನೆಲೆಯಿಲ್ಲದೆ ಚಲಿಸುವವರದು ಬೇರೆ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನ ತಾವು ಕಾಸಿದ ಕೇಶತೈಲವನ್ನು ಹೊತ್ತು ಆಫ್ರಿಕ ಖಂಡದವರೆಗೆ ವ್ಯಾಪಾರಕ್ಕೆ ಹೋಗುತ್ತಾರೆ. ಪರರ ತಲೆಯನ್ನು ನೋಡಿಕೊಳ್ಳುವ ಅವರ ಮಕ್ಕಳ ಆರೋಗ್ಯದ ಲೆಕ್ಕ ಯಾವ ವಹಿಯಲ್ಲಿ ದೊರೆತೀತು? ಅರಸೀಕೆರೆ, ಕಡೂರುಗಳ ಕಡೆಯ ಲಂಬಾಣಿ ತಾಂಡಾಗಳಿಂದ ಕುಟುಂಬಗಳಿಗೆ ಕುಟುಂಬಗಳೇ ಕಾಫಿಯ ಕುಯ್ಲಿಗೆ ಮಲೆನಾಡಿನ ತೋಟಗಳಿಗೆ ಹೊರಟುಹೋಗುತ್ತವೆ. 1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ತೋಟಗಳ ಮಾಲೀಕರ ಮೇಲೆ ವೈದ್ಯದ ಮತ್ತು ಶಿಶುವಿಹಾರದ ಹೊಣೆಯನ್ನು ಹೊರಿಸಿದ್ದಿತು. ಬೇಲೂರು ಸಕಲೇಶಪುರಗಳ ಸಣ್ಣ ತೋಟಗಳು ಅದರ ಹೊರಗೇ ಉಳಿದವು. ಈಗ ಅಸ್ಸಾಮಿನಿಂದ ಬಂದ, ಕನ್ನಡ ಬಾರದ ಕೂಲಿಯವರೂ ಆ ತೋಟಗಳ ಲೈನುಮನೆಗಳಲ್ಲಿದ್ದಾರೆ.

ತಾಂಡಾದ ಮಗುವೊಂದಕ್ಕೆ ಆಶ್ವಯುಜದಲ್ಲಿ ಎಂಟು ತಿಂಗಳಾಗಿದೆಯೆನ್ನಿ. ಒಂಬತ್ತು ತುಂಬಿದೊಡನೆ ದಡಾರದ ಚುಚ್ಚುಮದ್ದು ಆಗಬೇಕು. ಅಷ್ಟರಲ್ಲಿ ತಾಯ್ತಂದೆಯರು ಮೂಟೆ ಕಟ್ಟಿ ತೋಟಕ್ಕೆ ಹೊರಡುತ್ತಾರೆ. ತಾಂಡಾದ ಆಶಾ ಆ ಮನೆಯ ಬೀಗವನ್ನು ಕಂಡು ಮರಳುತ್ತಾಳೆ, ತೋಟದ ಕಡೆಯ ಆಶಾಳ ಪಟ್ಟಿಯಲ್ಲಿ ಆ ಮಗುವಿನ ಹೆಸರಿಲ್ಲ. ಯುಗಾದಿಗೆ ಅವರು ಊರಿಗೆ ಹಿಂದಿರುಗುವ ಹೊತ್ತಿಗೆ ಆ ಮಗು ಒಂದು ವರ್ಷ ದಾಟಿರುತ್ತದೆ. ಹೊರಡುವ ಮುನ್ನವೇ ತಾಯಿ ಕಾರ್ಡನ್ನು ಮೂಟೆಯಲ್ಲಿಡಿಸಿ, ಹೋಗುವ ತೋಟದ ಹೆಸರನ್ನೂ ಮೇಸ್ತ್ರಿಯ ಫೋನು ನಂಬರನ್ನೂ ಬರೆದುಕೊಂಡು, ಅತ್ತ ಕಡೆಯ ದಾದಿಗೆ ತಿಳಿಸುವುದು ಐದು ನಿಮಿಷದ ಕೆಲಸ. ಆ ಕೆಲಸಕ್ಕೆ ಈವರೆಗೆ ಯಾವ ಇಲಾಖೆಯ ನಮೂನೆಯಲ್ಲಿಯೂ ಒಂದು ಅಂಕಣವಿದ್ದುದನ್ನು ನಾನು ಕಂಡಿಲ್ಲ. ಮಾಡುವ ಹೆಣ್ಣುಮಗಳು ತನ್ನ ಫೋನಿನ ದುಡ್ಡಿನಲ್ಲಿಯೇ ಮಾಡಬೇಕು.